ಬಗ್ಗಿದ ಬೆನ್ನು ಬರೀ ಗೆರೆಯೇ?

ಓದುಗರ ಪತ್ರ: ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರಗಳ ಬಗ್ಗೆ ಕಳೆದ ಸಂಚಿಕೆಯ ಲೇಖನ ಓದಿ ಬೇಜಾರಾಯಿತು. ಚಿತ್ರದಲ್ಲಿ ಗೆರೆ ನೋಡಬೇಕು, ನೆರಳು-ಬೆಳಕು ನೋಡಬೇಕು. ನಿಮ್ಮ ಲೇಖಕರಿಗೆ ಎಲ್ಲೆಲ್ಲೂ ಕೂಲಿ, ಬಡತನವೇ ಕಾಣುತ್ತದೆ. ಕಲೆಗೆ ರಾಜಕೀಯ ಯಾಕೆ ಮೆತ್ತುತ್ತೀರಿ? – ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು

ಸಂಪಾದಕರ ಉತ್ತರ: ಮೇಷ್ಟ್ರೇ, ಪತ್ರ ಖಾರವಾಗಿದೆ, ಇಷ್ಟವಾಯಿತು. ಗೆರೆ ನೋಡಬೇಕು, ಒಪ್ಪಿದೆ. ತನ್ನನ್ನು ಸಮಾಜವಾದಿ ಎಂದು ಕರೆದರೆ ಮಿಲೆಯೂ ಒಪ್ಪುತ್ತಿರಲಿಲ್ಲ. ನಿಮ್ಮ ಪರವಾಗಿ ಇಷ್ಟು ಸಾಕು ಅಲ್ವಾ?

ಆ ಗೆರೆ ಎಲ್ಲಿಂದ ಬಂತು ಹೇಳಿ. ಮಿಲೆ ನಾರ್ಮಂಡಿಯ ರೈತನ ಮಗ, ಹೊಲದಲ್ಲಿ ದುಡಿದು ಬೆಳೆದವನು. 1849ರಲ್ಲಿ ಬಾರ್ಬಿಜಾನ್ ಹಳ್ಳಿಗೆ ಬಂದು ನೆಲೆಸಿದ. ಬಿತ್ತುವವರನ್ನು, ಅಗೆಯುವವರನ್ನು, ಸೌದೆ ಹೊರೆ ಹೊತ್ತವರನ್ನು ಕಪ್ಪು ಚಾಕ್‌ಪೀಸಿನಲ್ಲಿ ಬರೆದ. 1857ರ ‘ಹಕ್ಕಲಾಯುವವರು’ ಇನ್ನೊಮ್ಮೆ ನೋಡಿ. ಮುಂದೆ ಮೂವರು ಹೆಂಗಸರು, ಕೊಯ್ಲಾದ ಹೊಲದಲ್ಲಿ ಉದುರಿದ ತೆನೆ ಆಯುತ್ತಿದ್ದಾರೆ. ದೂರದಲ್ಲಿ ಬಿಸಿಲು, ದೊಡ್ಡ ದೊಡ್ಡ ಬಣವೆ, ಗಾಡಿ, ಕುದುರೆ ಮೇಲೊಬ್ಬ ಮೇಲ್ವಿಚಾರಕ. ಬೆಳೆಯೆಲ್ಲ ಅಲ್ಲಿ, ಬೆನ್ನುಗಳು ಇಲ್ಲಿ. ಸೇಂಟ್-ವಿಕ್ಟರ್ ಎಂಬ ವಿಮರ್ಶಕ ಇವರನ್ನು ದಾರಿದ್ರ್ಯದ ವಿಧಿದೇವತೆಯರು ಎಂದು ಹಂಗಿಸಿದ. ಫ್ರಾನ್ಸಿನಲ್ಲಿ ರಾಜನನ್ನೇ ಇಳಿಸಿದ 1848ರ ಕ್ರಾಂತಿಯ ನೆನಪು ಇನ್ನೂ ಹಸಿಯಾಗಿತ್ತು. ನಮ್ಮ ಲೇಖಕರು ಏನನ್ನೂ ಮೆತ್ತಲಿಲ್ಲ, ಅವತ್ತಿನ ನೋಡುಗರಿಗೇ ಅದು ಕಂಡಿತ್ತು.

ಮಿಲೆಯನ್ನು ಗುರು ಎಂದುಕೊಂಡವನು ಡಚ್ ಚಿತ್ರಕಾರ ವ್ಯಾನ್ ಗೋ. 1885ರ ಬೇಸಿಗೆಯಲ್ಲಿ ನ್ಯೂನೆನ್ ಹಳ್ಳಿಯಲ್ಲಿ ಅಗೆಯುವವರ, ಕೊಯ್ಯುವವರ ಚಿತ್ರ ರಾಶಿ ರಾಶಿ ಬರೆದ. ಅಂಗರಚನೆ ತಪ್ಪು ಎಂದು ಸ್ನೇಹಿತನೇ ಆಡಿಕೊಂಡ. ವ್ಯಾನ್ ಗೋ ತಮ್ಮ ತಿಯೋಗೆ ಬರೆದದ್ದರ ತಾತ್ಪರ್ಯ ಇಷ್ಟು: ಅಗೆಯುವವನ ಫೋಟೋ ತೆಗೆದರೆ ಅದರಲ್ಲಿ ಅವನು ಅಗೆಯುತ್ತಿರುವುದಿಲ್ಲ. ನೀವು ಮಕ್ಕಳ ಪುಸ್ತಕದಲ್ಲಿ ಕೆಂಪು ಪೆನ್ನಿನಿಂದ ತಿದ್ದುತ್ತಿದ್ದ ಆ ‘ತಪ್ಪು’ ಗೆರೆಯಲ್ಲೇ ದುಡಿಮೆ ಇತ್ತೇನೋ ಮೇಷ್ಟ್ರೇ!

ಸರಿ, ಕೂಲಿಯವರನ್ನು ಬಿಟ್ಟು ಬರೆದರೆ ರಾಜಕೀಯ ಇರುವುದಿಲ್ಲವೇ? ಇಂಗ್ಲೆಂಡಿನ ಚಿತ್ರಕಾರ ಸ್ಯಾಮ್ಯುಯೆಲ್ ಪಾಮರ್‌ನನ್ನು ತೆಗೆದುಕೊಳ್ಳಿ. ಅವನ 1825ರ ಸೆಪಿಯಾ (ಕಂದು ಶಾಯಿ) ಚಿತ್ರವೊಂದರಲ್ಲಿ ತುಂಬಿದ ಪೈರಿನ ನಡುವೆ ಒಬ್ಬ ಒರಗಿಕೊಂಡು ಪುಸ್ತಕ ಓದುತ್ತಿದ್ದಾನೆ. ಎಷ್ಟು ಚೆಂದ! ಆದರೆ ಪಾಮರ್ ಇದ್ದದ್ದು ಕೆಂಟ್ ಸೀಮೆಯಲ್ಲಿ. 1830ರಲ್ಲಿ ಅದೇ ಸೀಮೆಯ ಕೂಲಿಗಳು ಒಕ್ಕಣೆ ಯಂತ್ರ ಒಡೆದರು, ಚಳಿಗಾಲದ ಕೆಲಸವನ್ನು ಅದು ಕಸಿದಿತ್ತು. ಬಣವೆಗಳೂ ಹೊತ್ತಿಕೊಂಡವು. 1832ರಲ್ಲಿ ಪಾಮರ್ ಏನು ಮಾಡಿದ ಗೊತ್ತಾ? ರಾಜಕೀಯ ಸುಧಾರಣೆ ಕೇಳುವವರ ವಿರುದ್ಧ ಮತದಾರರಿಗೆ ಕರಪತ್ರ ಬರೆದ. ಅವನು ಬರೆದ ಕಣಿವೆಗಳನ್ನು ನಾನೂ ಆಸೆಯಿಂದ ನೋಡುತ್ತೇನೆ. ಸುಮ್ನೆ ನಿಸರ್ಗ ಅಂತ ಮಾತ್ರ ನನಗೆ ಹೇಳಬೇಡಿ.

ದುಡ್ಡಿನ ಕಥೆ ಇನ್ನೂ ಸೊಗಸು. ಆಲೂಗಡ್ಡೆ ಹೊಲದಲ್ಲಿ ಪ್ರಾರ್ಥಿಸುವ ದಂಪತಿಯ ಮಿಲೆ ಚಿತ್ರ ‘ಏಂಜಲಸ್’, ಅವನು ಸತ್ತ ಮೇಲೆ 1889ರ ಹರಾಜಿನಲ್ಲಿ 5,53,000 ಫ್ರಾಂಕಿಗೆ ಹೋಯಿತು. ಬಡವರ ಚಿತ್ರಕ್ಕೆ ಗೋಡೆ ಸಿಗುತ್ತದೆ, ಬಡವರ ಮಾತಿಗೆ ಸಿಗುವುದಿಲ್ಲ. ನಮ್ಮಲ್ಲೂ ಅಷ್ಟೇ. ಮುಖಪುಟಕ್ಕೆ ಹಸಿರು ಗದ್ದೆ ಹಾಕಿದರೆ ಹೊಗಳಿಕೆ ಜಾಸ್ತಿ. ಕೆಸರಲ್ಲಿ ನಿಂತು ನಾಟಿ ಮಾಡುವ ಹೆಂಗಸರನ್ನು ಹಾಕಿದರೆ ‘ಸ್ವಲ್ಪ ಚೆನ್ನಾಗಿರೋದು ಹಾಕಿ ಸಾರ್’ ಅಂತ ಫೋನು. ಜಾಹೀರಾತಿನವರದ್ದೂ ಅದೇ ರಾಗ. ನೀವೂ ಆ ಸಾಲಿಗೆ ಸೇರಿದಿರಲ್ಲ, ಅದೇ ನನಗೆ ಬೇಜಾರು.