ಪ್ರತಿಕ್ರಿಯೆ: ರೆಡ್ ವೈನ್ ಕುಡಿದರೆ ಬಾಯಿ ಒಗರಾಗುತ್ತದೆ, ಕೆಟ್ಟಿದೆಯಾ?

ವೈಟ್ ವೈನ್ ಸಲೀಸಾಗಿ ಇಳಿಯಿತು, ರೆಡ್ ಮಾತ್ರ ಒಗರು, ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ, ಚೆಲ್ಲಬೇಡಿ. ನೀವು ತಂದಿರುವ ಕ್ಯಾಬರ್ನೆ-ಶಿರಾಜ್‌ನಲ್ಲಿ (ಆ ಹೆಸರಿನ ಎರಡು ಬಗೆಯ ದ್ರಾಕ್ಷಿ ಸೇರಿಸಿ ಮಾಡಿದ ರೆಡ್) ಒಗರು ಇರಲೇಬೇಕು. ಅದು ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತದೆ. ಎಳೆ ಅಡಿಕೆ ಜಗಿದಾಗ ಬಾಯಿ ಹಿಡಿದುಕೊಳ್ಳುತ್ತದಲ್ವಾ, ಹಾಗೇ. ರೆಡ್ ಮಾಡುವಾಗ ರಸವನ್ನು ಸಿಪ್ಪೆಯ ಜೊತೆಗೇ ಹುದುಗಲು ಬಿಡುತ್ತಾರೆ. ಬಣ್ಣವೂ ಅಲ್ಲಿಂದಲೇ. ವೈಟ್‌ಗೆ ಸಾಮಾನ್ಯವಾಗಿ ಮೊದಲೇ ಹಿಂಡಿ, ಬರೀ ರಸವನ್ನು ಹುದುಗಿಸುತ್ತಾರೆ. ಅದಕ್ಕೇ ನಿಮಗೆ ಸೊವಿನ್ಯೋ ಬ್ಲಾಂಕ್ ಅನ್ನುವ ಆ ವೈಟ್ ಸಲೀಸಾಗಿ ಇಳಿದಿದ್ದು. ನಿಜವಾಗಿ ಕೆಟ್ಟಿದ್ದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತದೆ, ಇಲ್ಲವೇ ಒದ್ದೆ ರಟ್ಟಿನ ವಾಸನೆ ಬರುತ್ತದೆ.

ನನಗೆ ಅನುಮಾನ ಇರುವುದು ನೀವು ವೈನನ್ನು ತೀರಾ ಬೆಚ್ಚಗೆ ಕುಡಿದಿರೇನೋ ಅಂತ. ರೆಡ್ಡನ್ನು ರೂಮಿನ ತಾಪಮಾನದಲ್ಲೇ ಕುಡಿಯಬೇಕು ಅನ್ನುವುದು ಯೂರೋಪಿನ ತಣ್ಣನೆ ಮನೆಗಳ ಮಾತು. ರೆಡ್‌ಗೆ 16ರಿಂದ 18 ಡಿಗ್ರಿ ಸಾಕು. ಏಪ್ರಿಲ್‌ನಲ್ಲಿ ಬೆಂಗಳೂರಿನ ಮನೆಯೊಳಗೆ 28 ದಾಟಿರುತ್ತದೆ. ಆಗ ಆಲ್ಕೋಹಾಲ್ ಎದ್ದು ಬಂದು ಹಣ್ಣಿನ ಪರಿಮಳ ಮುಚ್ಚಿಹೋಗುತ್ತದೆ. ಕುಡಿಯುವ ಮುಂಚೆ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ವೈಟ್ ಇನ್ನೂ ತಣ್ಣಗಿರಲಿ, 8ರಿಂದ 12.

ಗ್ಲಾಸಿಗೆ ಮೂರನೇ ಒಂದು ಭಾಗ ಮಾತ್ರ ಸುರಿಯಿರಿ. ಮೇಲಿನ ಜಾಗ ಪರಿಮಳಕ್ಕೆ. ಮೊದಲು ಸುಮ್ನೆ ಮೂಸಿ, ಆಮೇಲೆ ಗ್ಲಾಸ್ ತಿರುಗಿಸಿ ಮತ್ತೆ ಮೂಸಿ. ಎರಡನೇ ಸಲ ನೇರಳೆಯೋ ಕಾಳುಮೆಣಸೋ ಸಿಕ್ಕಿದರೆ ಅದು ಶಿರಾಜ್‌ನ ಪಾಲು, ಬಹಳ ಚೆಂದದ ಕ್ಷಣ ಅದು. ಒಂದು ಗುಟುಕನ್ನು ಬಾಯೊಳಗೆ ಸ್ವಲ್ಪ ಹೊತ್ತು ಹೊರಳಾಡಿಸಿ, ನುಂಗಿ.

ಜೊತೆಗೆ ಖಾರದ ಚಿಕನ್ ತಿಂದೆ ಅಂದಿದ್ದೀರಿ. ಖಾರಕ್ಕೆ ಒಗರು ಇನ್ನೂ ಜಾಸ್ತಿ ಅನಿಸುತ್ತದೆ. ಈ ಸಲ ಖಾರ ಕಡಿಮೆ ಹಾಕಿದ ಮಟನ್ ಅಥವಾ ಚೀಸ್ ಇಟ್ಟುಕೊಂಡು ನೋಡಿ.