ಮುಂಬಯಿಯ ನಮ್ಮ ಕನ್ನಡ ಸಂಘದ ಮಕ್ಕಳಿಗೆ ಅರಣ್ಯ ಸಂರಕ್ಷಣೆಯನ್ನು ಕಣ್ಣಾರೆ ತೋರಿಸಲು ಎಲ್ಲಿಗೆ ಕರೆದೊಯ್ಯಬಹುದು?

ಮೊದಲು ಐರೋಲಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರಕ್ಕೆ ಹೋಗಿ. ಥಾಣೆ ಖಾಡಿಯ (ಒಳನಾಡಿಗೆ ಚಾಚಿದ ಸಮುದ್ರದ ಕವಲು) ಅಂಚಿನ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು, ಅಲ್ಲಿ ಕೈಗೆಟಕುವಷ್ಟು ಹತ್ತಿರ. ಸಮುದ್ರದ ಇಳಿತದ ಹೊತ್ತನ್ನೇ ಆರಿಸಿಕೊಳ್ಳಿ. ಕೆಸರಿನಿಂದ ಪೆನ್ಸಿಲ್ಲುಗಳಂತೆ ಎದ್ದು ನಿಂತ ಉಸಿರುಬೇರುಗಳು ಆಗ ಚೆನ್ನಾಗಿ ಕಾಣುತ್ತವೆ. ಕಾಂಡ್ಲಾ ಕಾಡಿನದೇ ಆದ ಉಪ್ಪಟಿ ಗಿಡದ ಎಲೆಯನ್ನು ಮಕ್ಕಳು ಬೆರಳಿನಿಂದ ಸವರಿ ನೋಡಲಿ, ಅದು ಹೊರಹಾಕಿದ ಉಪ್ಪಿನ ಹರಳು ತಾಗುತ್ತದೆ. ಕುಂದಾಪುರ, ಹೊನ್ನಾವರದ ಕಡೆಯ ಹಿರಿಯರಿದ್ದರೆ ಖಂಡಿತ ಜೊತೆಗೆ ಕರೆದುಕೊಳ್ಳಿ, ಈ ಗಿಡಗಳ ಬಗ್ಗೆ ಅವರು ಹೇಳುವುದು ಬಹಳವಿರುತ್ತದೆ.

ನಗರದ ಮಿಯಾವಾಕಿ ತೋಪುಗಳನ್ನೂ ತೋರಿಸಿ. ಚದರ ಮೀಟರಿಗೆ 3–4 ಸ್ಥಳೀಯ ಸಸಿಗಳನ್ನು ಒತ್ತಾಗಿ ನೆಡುವ ಕ್ರಮವದು. ಆದರೆ ಅದು ಸಹಜ ಕಾಡಿಗೆ ಬದಲಿಯೆಂದು ನಾನು ಒಪ್ಪುವುದಿಲ್ಲ. ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವನ್ನೂ ಸುತ್ತಿಸಿದರೆ ವ್ಯತ್ಯಾಸ ಮಕ್ಕಳಿಗೇ ತಿಳಿಯುತ್ತದೆ.