ಉಳಿಯಲೆಂದು ಬೆಳೆದ ಮಿದುಳು ಸತ್ಯ ಹೇಳೀತೇ?

ಪ್ರಶ್ನೆ: ನಮ್ಮ ಮಿದುಳು ವಿಕಾಸವಾದದ್ದು ಬದುಕಿ ಉಳಿಯುವುದಕ್ಕೆ, ಸತ್ಯ ಅರಿಯುವುದಕ್ಕಲ್ಲ ಎನ್ನುತ್ತಾರೆ. ಹಾಗಾದರೆ ಅದು ಕೊಡುವ ತಿಳಿವಳಿಕೆಯನ್ನು ನಂಬುವುದು ಹೇಗೆ? ವಿಕಾಸವಾದವನ್ನೂ ನಂಬುವ ಹಾಗಿಲ್ಲವಲ್ಲ?
– ಓದುಗರೊಬ್ಬರು, ಶಿರಸಿ

ಉತ್ತರ: ಈ ಅನುಮಾನ ಡಾರ್ವಿನ್ನನನ್ನೂ ಕಾಡಿತ್ತು. ಪ್ರಾಣಿಗಳ ಮನಸ್ಸಿನಿಂದ ಬೆಳೆದುಬಂದ ಮನುಷ್ಯನ ಮನಸ್ಸನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು 1881ರಲ್ಲಿ ಲೇಖಕ ವಿಲಿಯಂ ಗ್ರಹಾಂಗೆ ಬರೆದ ಪತ್ರದಲ್ಲಿ ಅವನು ಕೇಳಿದ್ದಾನೆ.

ಹಗ್ಗ-ಹಾವಿನ ದೃಷ್ಟಾಂತ ನಮ್ಮ ವೇದಾಂತದಲ್ಲಿ ಹಳೆಯದು. ವಿಕಾಸ ಅದಕ್ಕೊಂದು ಲೆಕ್ಕ ಸೇರಿಸುತ್ತದೆ. ಮುಸ್ಸಂಜೆ ತೋಟದ ದಾರಿಯಲ್ಲಿ ಹಗ್ಗ ಕಂಡು ಹತ್ತು ಸಲ ಹಾರಿಬಿದ್ದರೆ ನಷ್ಟ ಅಲ್ಪ. ಹಾವನ್ನು ಒಮ್ಮೆ ಹಗ್ಗವೆಂದು ತುಳಿದರೆ ಜೀವವೇ ಹೋದೀತು. ಹಾಗಾಗಿ ಉಳಿದುಬಂದದ್ದು ಬೆಚ್ಚುವ ಮಿದುಳು. ಆದರೆ ಅದು ಬೆಚ್ಚುವುದು ಉದ್ದನೆಯದೇನೋ ಬಿದ್ದಿದ್ದಾಗ, ತೆಂಗಿನಕಾಯಿ ಕಂಡಾಗ ಅಲ್ಲ. ಅಂದರೆ ಈ ತಪ್ಪಿಗೊಂದು ದಿಕ್ಕಿದೆ. ದಿಕ್ಕು ಗೊತ್ತಿರುವ ತಪ್ಪನ್ನು ಹಿಡಿಯಬಹುದು.

ಹಿಡಿಯುವ ಬಗೆಗೆ ಮಿದುಳಿನ ಇನ್ನೊಂದು ತಪ್ಪನ್ನು ನೋಡಿ: ನೆತ್ತಿಯ ಮೇಲಿನ ಚಂದ್ರನಿಗಿಂತ ದಿಗಂತದ ಚಂದ್ರ ದೊಡ್ಡದೆನ್ನಿಸುತ್ತಾನೆ. ಸುಮಾರು 5 ಮಿಲಿಮೀಟರ್ ಅಡ್ಡಳತೆಯ ಕಾಳುಮೆಣಸೊಂದನ್ನು ತೆಂಗಿನ ಗರಿಯ ಕಡ್ಡಿ ತುದಿಗೆ ಮೇಣದಿಂದ ಅಂಟಿಸಿ. ಹುಣ್ಣಿಮೆಯ ನಡುರಾತ್ರಿ ಒಂದು ಕಣ್ಣು ಮುಚ್ಚಿ, ಕೈ ನೀಟಾಗಿ ಚಾಚಿ, ಕಾಳನ್ನು ಚಂದ್ರನಿಗೆ ಅಡ್ಡ ಹಿಡಿಯಿರಿ. ಕಣ್ಣಿನಿಂದ 60 ಸೆಂಟಿಮೀಟರ್ ದೂರದಲ್ಲಿ ಅದು ಹೆಚ್ಚುಕಡಿಮೆ ಚಂದ್ರನಷ್ಟೇ ಆಗುತ್ತದೆ. ಬೆಳಗಿನ ಜಾವ ಕಾರವಾರದ ಕಡಲತೀರದಲ್ಲಿ ನಿಂತರೆ ನೀರಿಗಿಳಿಯುವ ಚಂದ್ರ ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತಾನೆ. ಅದೇ ಕಾಳು ಅಡ್ಡ ಹಿಡಿಯಿರಿ, ಅಷ್ಟೇ ಮರೆಯಾಗುತ್ತಾನೆ. ಮೊಣಕೈ ಮಡಿಚಿದರೆ ಕಾಳು ಕಣ್ಣಿಗೆ ಹತ್ತಿರವಾಗಿ ಲೆಕ್ಕ ಕೆಡುತ್ತದೆ. ಎರಡೂ ಕಣ್ಣು ಬಿಟ್ಟರೆ ಕಾಳು ಎರಡಾಗಿ ಕಾಣುತ್ತದೆ.

ಇಷ್ಟು ಗೊತ್ತಾದ ಮೇಲೂ ಚಂದ್ರ ದೊಡ್ಡದಾಗಿಯೇ ಕಾಣುತ್ತಾನೆ. ಕಣ್ಣು ಬದಲಾಗಲಿಲ್ಲ, ನಿಮ್ಮ ತೀರ್ಮಾನ ಬದಲಾಯಿತು. ಜ್ಞಾನ ಎಂದು ನಾವು ಕರೆಯಬೇಕಾದದ್ದು ಇದನ್ನೇ.

ಅಳೆಯುವ ಬುದ್ಧಿಯೂ ವಿಕಾಸದ್ದೇ ತಾನೇ ಎಂದು ನೀವು ಕೇಳಬಹುದು. ಹೌದು. ಆದರೆ ಮೆಣಸಿನ ಕಾಳು, ಕ್ಯಾಮೆರಾ, ರೇಖಾಗಣಿತ ಮೂರೂ ಒಂದೇ ಉತ್ತರ ಕೊಡುತ್ತವೆ. ಕ್ಯಾಮೆರಾಕ್ಕೆ ನಮ್ಮ ಭ್ರಮೆಯಿಲ್ಲ. ವಿಕಾಸವಾದವೂ ಹೀಗೆಯೇ ನಿಂತಿದೆ: ಪಳೆಯುಳಿಕೆಗಳ ಕ್ರಮವೂ ಡಿಎನ್‌ಎ ಹೋಲಿಕೆಯೂ ಬೇರೆಬೇರೆ ದಾರಿಯಲ್ಲಿ ಬಂದು ಒಂದೇ ವಂಶವೃಕ್ಷದತ್ತ ಬೆರಳು ತೋರುತ್ತವೆ. ಮಿದುಳನ್ನು ಎಳ್ಳಷ್ಟೂ ನಂಬಬಾರದು ಎಂಬ ವಾದಕ್ಕೂ ಆಧಾರ ಅದೇ ಮಿದುಳು, ಕೂತ ಕೊಂಬೆಯನ್ನೇ ಕಡಿದ ಹಾಗೆ.

ನಿಜವಾದ ಕಷ್ಟ ಬೇರೆ ಕಡೆ ಇದೆ. ನಮ್ಮವರ ಮಾತೇ ಸರಿ ಎನ್ನಿಸುವುದು, ಆಕಸ್ಮಿಕದಲ್ಲಿ ಯಾರದೋ ಉದ್ದೇಶ ಕಾಣುವುದು ಕೂಡ ಇಂಥ ಹಳೆಯ ಒಲವುಗಳೇ. ಅವಕ್ಕೆ ಅಡ್ಡ ಹಿಡಿಯಲು ಕಾಳುಮೆಣಸಿಲ್ಲ. ಅಲ್ಲಿ ನಿಮ್ಮ ಮಾತನ್ನು ಒಪ್ಪದವರ ಮುಂದಿಟ್ಟು, ಅವರ ಆಕ್ಷೇಪವನ್ನು ಪೂರ್ತಿ ಕೇಳಿಸಿಕೊಳ್ಳಬೇಕು.